ಪಿನ್‌ಫೋಲ್ಡ್ ಬೀದಿಯ ಇಳಿಬಿಟ್ಟ ಪರದೆಗಳು

ಹ್ಯಾಟರ್‌ಶಾ ಊರಿನಲ್ಲಿ ಕ್ಲಿಫರ್ಡ್ ಹೆಪ್‌ವರ್ತನ ಹತ್ತಿರ ಕಾರು ಕಲಿಯದವರು ಇಬ್ಬರೇ. ಒಬ್ಬಳು ಅವನ ಹೆಂಡತಿ ನೋರೀನ್. ಆಕೆ ಮೊದಲ ಪಾಠದ ನಡುವೆಯೇ ಕಾರು ನಿಲ್ಲಿಸಿ, ಇಳಿದು, ಬಸ್ಸು ಹಿಡಿದು ಮನೆಗೆ ಬಂದವಳು. ಇನ್ನೊಬ್ಬರು ಚಾಪೆಲ್ಲಿನ ಪಾದ್ರಿಗಳು. ಅವರು ದೇವರ ಮೇಲೆ ಭಾರ ಹಾಕಿ ಸೈಕಲ್ ತುಳಿಯುತ್ತಿದ್ದರು. ಉಳಿದಂತೆ ಊರಿಗೆ ಊರೇ ಅವನ ಪುಟ್ಟ ಕೆಂಪು ಕಾರಿನಲ್ಲಿ ಕೂತು ಬೆವರಿದೆ. "ಕನ್ನಡಿ ನೋಡು. ನೋಡಿದ ಹಾಗೆ ಮಾಡಬೇಡ, ನೋಡು" ಎಂಬ ಅವನ ಮಾತು ಈಗಲೂ ಗಾಡಿ ತಿರುಗಿಸುವಾಗ ನಮ್ಮ ಕಿವಿಯಲ್ಲಿ ಮೊಳಗುತ್ತದೆ. ಯಾರು ನಿಜವಾಗಿ ಕನ್ನಡಿ ನೋಡಿದರು, ಯಾರು ಸುಮ್ಮನೆ ಕತ್ತು ಅಲ್ಲಾಡಿಸಿದರು ಎಂಬುದನ್ನು ಪಕ್ಕದ ಸೀಟಿನಲ್ಲಿ ಕೂತೇ ಹೇಳಿಬಿಡುತ್ತೇನೆ ಎಂದು ಅವನಿಗೆ ಬಹಳ ಹೆಮ್ಮೆಯಿತ್ತು.

ಅವನಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಅದು ಅವನ ಮುತ್ತಜ್ಜಿ ಲವೀನಿಯಾ.

ಪ್ರತಿ ಚಳಿಗಾಲವೂ ನಮ್ಮ ಇತಿಹಾಸ ಸಂಘದವರು ಚಾಪೆಲ್ಲಿನ ಸಭಾಂಗಣದಲ್ಲಿ 'ಪಿನ್‌ಫೋಲ್ಡ್ ಬೀದಿಯ ಕೊಲೆ' ಎಂಬ ಉಪನ್ಯಾಸ ಇಡುತ್ತಾರೆ. ಉಪನ್ಯಾಸಕ ಕ್ಲಿಫರ್ಡನೇ. ಬೇರೆ ವಿಷಯ ಇಟ್ಟು ನೋಡಿದ್ದುಂಟು. ಕಾಲುವೆಗಳ ಇತಿಹಾಸಕ್ಕೆ ಬಂದವರಿಗಿಂತ ಬಿಸ್ಕತ್ತುಗಳೇ ಹೆಚ್ಚಿದ್ದವು. ಕೊಲೆಯೆಂದರೆ ಮಾತ್ರ ಸಭಾಂಗಣ ತುಂಬುತ್ತದೆ. ಮೊಣಕಾಲು ನೋವಿನವರೂ ಮುಂದಿನ ಸಾಲಿಗೆ ಜಾಗ ಹಿಡಿಯಲು ಓಡುತ್ತಾರೆ.

ಕಥೆ ಇಷ್ಟೆ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷವಾದ ಸಡಗರ ಮುಗಿದು, ತೋರಣದ ಕಾಗದ ಇನ್ನೂ ಚರಂಡಿಯಲ್ಲಿ ಬಿದ್ದಿದ್ದ ಕಾಲ. ಪಿನ್‌ಫೋಲ್ಡ್ ಬೀದಿಯಲ್ಲಿ ಎನಾಕ್ ಬರ್ಟ್‌ವೆಲ್ ಎಂಬ ಒಂಟಿ ಮುದುಕ ಗಿಡಮೂಲಿಕೆಯ ಅಂಗಡಿ ಇಟ್ಟುಕೊಂಡಿದ್ದ. ಕೆಮ್ಮಿಗೂ ಹೊಟ್ಟೆನೋವಿಗೂ ಒಂದೇ ಕಷಾಯ ಕೊಡುತ್ತಿದ್ದ. ಅವತ್ತು ಮಧ್ಯಾಹ್ನ ಚಾಪೆಲ್ಲಿನ ಹಳೆಯ ಪಾದ್ರಿಗಳ ಶವದ ಗಾಡಿ ಆ ಬೀದಿಯಲ್ಲಿ ಹಾದುಹೋಯಿತು. ಶವ ಹೋಗುವಾಗ ನಮ್ಮ ಕಡೆ ಮನೆಮನೆಯೂ ಕಿಟಕಿಯ ಪರದೆ ಇಳಿಸುವುದು ಪದ್ಧತಿ. ಪರದೆ ಇಳಿಸಿ, ಒಳಗೆ ತಲೆ ತಗ್ಗಿಸಿ ನಿಲ್ಲಬೇಕು. ಇಣುಕುವುದೆಂದರೆ ಸತ್ತವರ ಮುಖದ ಮೇಲಿನ ಬಟ್ಟೆ ಎಳೆದಷ್ಟೇ ನಾಚಿಕೆಗೇಡು. ಗಾಡಿ ಹೋಯಿತು, ಪರದೆಗಳು ಎದ್ದವು. ಸಂಜೆ ಕಷಾಯಕ್ಕೆಂದು ಹೋದವರು ನೋಡಿದರೆ ಬರ್ಟ್‌ವೆಲ್ ಅಡುಗೆಮನೆಯಲ್ಲಿ ಬಿದ್ದಿದ್ದಾನೆ. ಅವನದೇ ಕಬ್ಬಿಣದ ಕುಟ್ಟಾಣಿಯಿಂದ ಯಾರೋ ತಲೆಗೆ ಹೊಡೆದಿದ್ದರು. ಹೊಡೆದವನು ಇವತ್ತಿಗೂ ಸಿಕ್ಕಿಲ್ಲ.

ಸಾಕ್ಷಿಗಳು ಇಬ್ಬರು. ಬರ್ಟ್‌ವೆಲ್‌ನ ಪಕ್ಕದ ಬಾಗಿಲಿನವಳು ಕೆಜಾಯಾ ಸಗ್ಡನ್, ಚಾಪೆಲ್ಲಿನ ಗೃಹಿಣಿಯರ ಬಟ್ಟೆ ಒಗೆದು ಬದುಕುತ್ತಿದ್ದ ವಿಧವೆ. ಗಾಡಿ ಹೋಗುತ್ತಿದ್ದಾಗಲೇ ಬರ್ಟ್‌ವೆಲ್‌ನ ಬಾಗಿಲಿನಿಂದ ಒಬ್ಬ ಅಪರಿಚಿತ ಹೊರಬಂದದ್ದನ್ನು ತಾನು ಕಂಡೆ ಎಂದಳು. ಎದುರು ಮನೆಯವಳು ನಮ್ಮ ಲವೀನಿಯಾ. ತಾನು ಪರದೆ ಇಳಿಸಿದ್ದೆ, ಆದರೆ ಆ ಬಾಗಿಲಿನ ಕೀಲು ಕಿರುಚಿದರೆ ಬೀದಿಗೆಲ್ಲ ಕೇಳುತ್ತದೆ, ಅವತ್ತು ಕಿರುಚಲೇ ಇಲ್ಲ, ಯಾರೂ ಬರಲಿಲ್ಲ ಎಂದಳು. ಪ್ಯಾಕ್‌ಹಾರ್ಸ್ ಹೆಂಡದಂಗಡಿಯ ಮಹಡಿಯಲ್ಲಿ ವಿಚಾರಣೆ. ಅಧಿಕಾರಿ ಗಡ್ಡ ತುರಿಸಿಕೊಂಡು ಯಾರನ್ನು ನಂಬಲಿ ಎಂದಾಗ ಲವೀನಿಯಾ ಹೇಳಿದ ಮಾತೇ ಉಪನ್ಯಾಸದ ಕಳಶ. ಪತ್ರಿಕೆಯಲ್ಲೂ ಬಂದ ಆ ಮಾತನ್ನು ಕ್ಲಿಫರ್ಡ್ ನಿದ್ದೆಯಲ್ಲೂ ಒಪ್ಪಿಸಬಲ್ಲ:

"ಸ್ವಾಮಿ, ಬೀದಿಗೆ ಬೀದಿಯೇ ಪರದೆ ಇಳಿಸಿ ತಲೆ ತಗ್ಗಿಸಿ ನಿಂತಿದ್ದಾಗ ಈ ಹೆಂಗಸು ತಲೆಗೆ ಬಟ್ಟೆಯಿಲ್ಲದೆ, ತೋಳು ಮೊಣಕೈ ಮೇಲಕ್ಕೆ ಮಡಚಿಕೊಂಡು, ಸೋಪಿನ ನೊರೆ ತೊಟ್ಟಿಕ್ಕಿಸುತ್ತಾ, ಬಾಗಿಲಲ್ಲಿ ಬಾಯಿ ಕಳೆದುಕೊಂಡು ನಿಂತಿದ್ದಳು. ಇಂಥವಳ ಮಾತು ನಂಬುತ್ತೀರಾ?"

ನಂಬಲಿಲ್ಲ. ಚಾಪೆಲ್ಲಿನ ಮಹಿಳೆಯರು ಲವೀನಿಯಾಗೆ ಒಂದು ಬೆಳ್ಳಿಯ ಟೀಪಾಟು ಕೊಟ್ಟು ಗೌರವಿಸಿದರು. ಕ್ಲಿಫರ್ಡ್ ಅದನ್ನು ಉಪನ್ಯಾಸದ ಮೇಜಿನ ಮೇಲಿಡುತ್ತಿದ್ದ. ಈ ಮಾತಿಗೆ ಬಂದೊಡನೆ ಕೋಟು ಕಳಚಿ, ಅಂಗಿಯ ತೋಳು ಮಡಚಿ, ಎರಡು ಕೈಯನ್ನೂ ಮುಂದಕ್ಕೆ ತೂಗುಬಿಟ್ಟು, ದವಡೆ ಇಳಿಸಿ ನಿಲ್ಲುತ್ತಿದ್ದ. ಸಭೆ ಬಿದ್ದು ಬಿದ್ದು ನಗುತ್ತಿತ್ತು. ಈಚೆಗೆ ಅವನು ತೋಳಿಗೆ ಕೈ ಹಾಕುವ ಮೊದಲೇ ಜನ ಆ ಮಾತನ್ನು ಒಟ್ಟಾಗಿ ಹೇಳುತ್ತಿದ್ದರು. ಊರಲ್ಲಿ ಯಾರಾದರೂ ಬಂಡಲ್ ಬಿಟ್ಟರೆ "ಏನಮ್ಮ ಕೆಜಾಯಾ, ಕೈ ಒರೆಸಿಕೋ" ಎನ್ನುವುದು ರೂಢಿಗೆ ಬಂತು. ನಾವೂ ಎಷ್ಟೋ ಸಲ ಅಂದಿದ್ದೇವೆ.

ಕೆಜಾಯಾಳ ವಂಶದ ಕುಡಿ ನಮ್ಮೂರಲ್ಲೇ ಇದೆ. ಮೀನು-ಚಿಪ್ಸ್ ಅಂಗಡಿಯ ಡೋನಾ ಸಗ್ಡನ್. ಅವಳ ಮುತ್ತಜ್ಜನ ತಾಯಿ ಕೆಜಾಯಾ. ಡೋನಾಳೂ ಕೆಂಪು ಕಾರಿನ ಶಿಷ್ಯೆಯೇ. ಪಾಠದ ದಿನಗಳಲ್ಲಿ ಕ್ಲಿಫರ್ಡ್, "ಕನ್ನಡಿ ನೋಡಿದೆಯಾ? ನೀನು ಸಗ್ಡನ್ ಮನೆಯವಳು ತಾಯಿ, ಇನ್ನೊಂದು ಸಲ ನೋಡಿಬಿಡು" ಎನ್ನುತ್ತಿದ್ದ. ಅವಳೂ ನಗುತ್ತಿದ್ದಳು. ಸ್ಟೀರಿಂಗು ಹಿಡಿದು ಕೂತವಳು ಇನ್ನೇನು ಮಾಡಿಯಾಳು? ಶುಕ್ರವಾರ ಶುಕ್ರವಾರ ಅವನ ಪೊಟ್ಟಣಕ್ಕೆ, ಕೇಳುವ ಮೊದಲೇ, ಬಾಣಲೆಯಲ್ಲಿ ಉಳಿದ ಗರಿಗರಿ ಹಿಟ್ಟಿನ ಚೂರುಗಳನ್ನು ಒಂದು ಸೌಟು ಸುರಿಯುತ್ತಿದ್ದಳು.

ಈ ವರ್ಷ ಉಪನ್ಯಾಸಕ್ಕೆ ಒಂದು ವಾರ ಇದ್ದಾಗ ಅವಳು ಪೊಟ್ಟಣ ಕಟ್ಟುತ್ತಾ, "ಈ ಸಲ ನಾನೂ ಬರ್ತೀನಿ ಮೇಷ್ಟ್ರೇ" ಎಂದಳು.

"ಬಾ ಬಾ! ಇಷ್ಟು ವರ್ಷ ಯಾಕೆ ಬರಲಿಲ್ಲ ನೀನು?"

"ಅಪ್ಪ ಬೇಡ ಅಂತಿದ್ರು. ಈಗ ಅವರಿಲ್ಲವಲ್ಲ."

ಕ್ಲಿಫರ್ಡ್ ಈ ಮಾತನ್ನು ವಿನಿಗರ್ ಜೊತೆ ನುಂಗಿಕೊಂಡು ಮನೆಗೆ ಬಂದ. ಗುರುವಾರದ ಉಪನ್ಯಾಸಕ್ಕೆ ಕೇಳುವವಳು ಒಬ್ಬಳು ಹೆಚ್ಚಾದಳು ಎಂಬುದಷ್ಟೇ ಅವನ ತಲೆಗೆ ಹೋಗಿತ್ತು.

ಮಂಗಳವಾರ ಅವನ ಓಣಿಯ ಕೊನೆಯ ಮನೆಯ ಮಿಸೆಸ್ ಬೂತ್ರಾಯ್ಡ್ ಅವರ ಶವಸಂಸ್ಕಾರ. ಹಳೇ ಪದ್ಧತಿ ಈಗ ಯಾರಿಗೂ ಬೇಡ. ಕ್ಲಿಫರ್ಡ್ ಮಾತ್ರ ಬಿಟ್ಟಿಲ್ಲ. ಕಪ್ಪು ಟೈ ಕಟ್ಟಿ, ಮುಂದಿನ ಕೋಣೆಯ ಪರದೆ ಎಳೆದು, ಕೈಕಟ್ಟಿ ನಿಂತ. ಕರಿ ಕಾರು ಮೆಲ್ಲಗೆ ಹೋಯಿತು. ಅದು ಮೂಲೆ ತಿರುಗಿದ್ದೇ ತಡ, ಅಡುಗೆಮನೆಗೆ ನುಗ್ಗಿದ.

"ನೋರೀನ್! ಎದುರು ಮನೆ ಕ್ರೇಗ್‌ಗೆ ಮಾನ ಮರ್ಯಾದೆ ಏನಾದರೂ ಇದೆಯೇನೇ? ಶವ ಹೋಗ್ತಾ ಇದೆ, ಅವನು ಈ ಚಳೀಲೂ ಚಡ್ಡಿ ಹಾಕ್ಕೊಂಡು ಕಾರು ತೊಳೀತಾ ನಿಂತಿದಾನೆ! ಕೈಯಲ್ಲಿ ಸ್ಪಂಜು, ಮೊಣಕೈವರೆಗೂ ನೊರೆ ಸುರೀತಾ ಇದೆ, ಬಾಯಿ ಕಳಕೊಂಡು ನೋಡ್ತಾ ನಿಂತಿದಾನೆ ಬೇವರ್ಸಿ!"

ನೋರೀನ್ ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಪರದೆ ಎಳೆದಿದ್ದೆ ಅಲ್ವಾ ನೀನು?"

"ಎಳೆದಿದ್ದೆ ಮತ್ತೆ! ನಾನೇನು ಅವನ ಥರಾನಾ?"

"ಹಾಗಾದ್ರೆ ಸ್ಪಂಜು ಹೇಗಪ್ಪಾ ಕಾಣಿಸ್ತು?"

ಕ್ಲಿಫರ್ಡ್ ಬಾಯಿ ತೆರೆದ. ಅವನ ಬಲಗೈಯ ಎರಡು ಬೆರಳು ಇನ್ನೂ ಪರದೆಯ ಅಂಚು ಸರಿಸಿದ ಹಾಗೆಯೇ ಮಡಚಿಕೊಂಡಿದ್ದವು. ಹೆಂಡತಿ ಅದನ್ನೇ ನೋಡಿ ನಕ್ಕಳು. ಅವನು ನಗಲಿಲ್ಲ. ಮುಂದಿನ ಕೋಣೆಗೆ ವಾಪಸು ಹೋಗಿ, ಎಳೆದ ಪರದೆಯ ಮುಂದೆ ಕತ್ತಲಲ್ಲೇ ಕುರ್ಚಿಯ ಮೇಲೆ ಕುಸಿದ.

ನೊರೆ. ಮೊಣಕೈ. ಕಳೆದ ಬಾಯಿ. ಇದನ್ನೆಲ್ಲ ಅವನು ಎಲ್ಲಿಂದಲೋ ಕದ್ದು ಹೇಳಿರಲಿಲ್ಲ. ಕಣ್ಣಾರೆ ಕಂಡಿದ್ದ. ಕಾಣದೆ ಯಾರೂ ಹಾಗೆ ಹೇಳಲಾರರು. ಅಂದಮೇಲೆ ಮುತ್ತಜ್ಜಿಯೂ ಕಂಡಿದ್ದಳು. ತನ್ನ ಪಾದ್ರಿಗಳ ಶವ ಹೋಗುವಾಗ ಪರದೆ ಸರಿಸಿ ಇಣುಕಿದ್ದಳು. ಕೆಜಾಯಾಳ ಬಾಗಿಲೂ ಬರ್ಟ್‌ವೆಲ್‌ನ ಬಾಗಿಲೂ ಒಂದಕ್ಕೊಂದು ಅಂಟಿದ್ದವು. ಎದುರಿನಿಂದ ನೋಡಿದವಳಿಗೆ ಒಂದು ಕಂಡರೆ ಇನ್ನೊಂದೂ ಕಂಡಂತೆಯೇ. ಆ ಮನುಷ್ಯ ಹೊರಬಂದದ್ದನ್ನು ಲವೀನಿಯಾ ನೋಡಿದ್ದಳು. ನೋಡಿದೆ ಎಂದರೆ ಇಣುಕಿದೆ ಎಂದು ಒಪ್ಪಿದಂತೆ. ಚಾಪೆಲ್ಲಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುವವಳು ಹಾಗೆ ಒಪ್ಪುವುದುಂಟೆ? ಅದಕ್ಕೇ ಬಾಗಿಲಿನ ಕೀಲನ್ನು ಕರೆದು ಸಾಕ್ಷಿ ಹೇಳಿಸಿದಳು. ತನ್ನ ಕಣ್ಣಿನ ಮಾತು ಬಾರದಿರಲೆಂದು ಇನ್ನೊಬ್ಬಳ ತೋಳಿನ ಮಾತು ತೆಗೆದಳು.

ಅಧಿಕಾರಿಯೂ, ಪತ್ರಿಕೆಯವನೂ, ಆಮೇಲೆ ಚಳಿಗಾಲಕ್ಕೊಂದು ಸಲ ಸಭಾಂಗಣ ತುಂಬಿಸಿದ ನಾವೂ ಆ ತೋಳನ್ನೇ ನೋಡಿದೆವು. ಅದನ್ನು ಕಂಡ ಕಣ್ಣು ಎಲ್ಲಿತ್ತೆಂದು ಒಬ್ಬರಿಗೂ ಹೊಳೆಯಲಿಲ್ಲ. ಕನ್ನಡಿ ನೋಡಿದವರು ಯಾರು, ನೋಡಿದಂತೆ ನಟಿಸಿದವರು ಯಾರೆಂದು ಪಕ್ಕದಲ್ಲಿ ಕೂತೇ ಹೇಳುವ ಮೇಷ್ಟ್ರಿಗೂ ಹೊಳೆಯಲಿಲ್ಲ.

ಇನ್ನೊಂದು ಸಂಗತಿಯೂ ಇತ್ತು. ವಿಚಾರಣೆಯಾದ ಮೇಲೆ ಚಾಪೆಲ್ಲಿನವರು ಒಬ್ಬೊಬ್ಬರಾಗಿ ಕೆಜಾಯಾಳಿಂದ ಬಟ್ಟೆ ವಾಪಸು ತರಿಸಿಕೊಂಡರು. ಆ ಚಳಿಗಾಲ ಅವಳು ಮಕ್ಕಳನ್ನು ಕಟ್ಟಿಕೊಂಡು ಗತಿಯಿಲ್ಲದವರನ್ನು ದುಡಿಸಿಕೊಂಡು ಕೂಳು ಹಾಕುವ ಬಡವರ ದುಡಿಮೆಮನೆ ಸೇರಿದಳು. ಇದು ಅವನಿಗೆ ಮೊದಲಿಂದಲೂ ಗೊತ್ತು. ಉಪನ್ಯಾಸದಲ್ಲಿ ಬಿಟ್ಟುಬಿಡುತ್ತಿದ್ದ. ಅಲ್ಲಿ ಯಾರೂ ನಗುತ್ತಿರಲಿಲ್ಲವಲ್ಲ, ಅದಕ್ಕೆ.

ರಾತ್ರಿ ಊಟಕ್ಕೆ ಕೂತಾಗ ನೋರೀನ್‌ಗೆ ಎಲ್ಲ ಹೇಳಿದ. ಆಕೆ ಉಪ್ಪಿನ ಡಬ್ಬಿಯನ್ನು ಅವನ ಕಡೆಗೆ ಸರಿಸಿದಳು.

"ಗುರುವಾರ ಹೇಳ್ತೀಯಾ?"

"ಮುತ್ತಜ್ಜಿ ಕಣೇ ಅವಳು. ಆ ಟೀಪಾಟು..."

"ಟೀಪಾಟು ಉಜ್ಜೋದು ನಾನು, ನೀನಲ್ಲ. ಲವೀನಿಯಾ ಸತ್ತು ಮಣ್ಣಾಗಿ ಯಾವ ಕಾಲ ಆಯ್ತು. ಡೋನಾ ಬರ್ತಾಳೆ ಗುರುವಾರ. ಅವಳ ಮುಂದೆ ತೋಳು ಮಡಚ್ತೀಯಾ?"

ಮಡಚುವುದಿಲ್ಲ ಎಂದು ಕ್ಲಿಫರ್ಡ್ ತಟ್ಟೆಯ ಮುಂದೆ ಪ್ರತಿಜ್ಞೆ ಮಾಡಿದ.

ಗುರುವಾರ ಸಭಾಂಗಣ ತುಂಬಿತ್ತು. ಡೋನಾ ಹಿಂದಿನ ಸಾಲಿನಲ್ಲಿ, ಕೋಟು ಬಿಚ್ಚದೆ, ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೇಜಿನ ಮೇಲೆ ಟೀಪಾಟು ಇರಲಿಲ್ಲ. ಸಂಘದ ಅಧ್ಯಕ್ಷೆ ಬೆರಿಲ್ ಅದನ್ನು ಕಂಡುಹಿಡಿದು, "ಅಡ ಇಟ್ಟೆಯೇನೋ ಕ್ಲಿಫರ್ಡ್?" ಎಂದು ಮೊದಲ ನಗುವನ್ನು ತಾನೇ ಗಿಟ್ಟಿಸಿಕೊಂಡಳು. ಅವನು ಶುರುಮಾಡಿದ. ಬರ್ಟ್‌ವೆಲ್‌ನ ಕಷಾಯ ಬಂತು, ಶವದ ಗಾಡಿ ಬಂತು, ಪರದೆಗಳು ಇಳಿದವು. ಪ್ಯಾಕ್‌ಹಾರ್ಸ್‌ನ ಮಹಡಿ ಬಂದಾಗ ಜನ ಕುರ್ಚಿಯ ತುದಿಗೆ ಸರಿದರು.

ಕ್ಲಿಫರ್ಡ್ ನಿಂತುಬಿಟ್ಟ.

"ತೋಳು!" ಎಂದಿತು ಸಭೆ. "ತೋಳು ಮಡಚಪ್ಪಾ!"

"ನನ್ನ ಮುತ್ತಜ್ಜಿ ಸುಳ್ಳು ಹೇಳಿದಳು," ಎಂದ ಅವನು. "ಅವಳು ಪರದೆ ಸರಿಸಿ ಇಣುಕಿದ್ದಳು. ಇಲ್ಲದಿದ್ದರೆ ನೊರೆ ಹೇಗೆ ಕಾಣಿಸಿತು ಅವಳಿಗೆ?"

ಸಭಾಂಗಣದ ಮಾಡು ಹಾರಿಹೋಗುವಂಥ ನಗು. ಇಷ್ಟು ವರ್ಷದಲ್ಲಿ ಅವನಿಗೆ ಅಷ್ಟು ದೊಡ್ಡ ನಗು ಸಿಕ್ಕಿರಲಿಲ್ಲ.

"ತಮಾಷೆ ಅಲ್ಲ, ನಿಜವಾಗಿ ಹೇಳ್ತಿದೀನಿ..."

ಇನ್ನಷ್ಟು ನಗು. ಬೆರಿಲ್ ಕಣ್ಣೊರೆಸಿಕೊಂಡು ಪಕ್ಕದವಳಿಗೆ, "ಈ ವರ್ಷ ಹೊಸದು ಸೇರಿಸಿದಾನೆ ನೋಡು, ಕಿಲಾಡಿ!" ಎಂದಳು. ತಪ್ಪು ಅವರದಲ್ಲ. ನಗಲು ಕಲಿಸಿದವನು ಇವನೇ, ಪಾಠ ಚೆನ್ನಾಗಿ ಹತ್ತಿತ್ತು. ಆಗ ಕ್ಲಿಫರ್ಡ್ ಮಾಡಬಾರದ್ದೊಂದು ಮಾಡಿದ. ಬೇಕೆಂದು ಮಾಡಿದ್ದಲ್ಲ, ಅಭ್ಯಾಸಬಲ. ನಗು ಕೇಳಿದ ತಕ್ಷಣ ಅವನ ತುಟಿ ತಾನಾಗಿ ಅರಳಿತು, ತಲೆ ತುಸು ಬಾಗಿತು. ಚಪ್ಪಾಳೆ ಸ್ವೀಕರಿಸುವ ನಟನ ಹಾಗೆ. ಬಾಗಿದ ತಲೆ ಎತ್ತಿದಾಗ ಹಿಂದಿನ ಸಾಲಿನಲ್ಲಿ ಡೋನಾ ಅವನ ಮುಖವನ್ನೇ ನೋಡುತ್ತಿದ್ದಳು. ಮುಂದಿನ ಸಲ ಅವನು ಆ ಕಡೆ ಕಣ್ಣು ಹಾಯಿಸಿದಾಗ ಕುರ್ಚಿ ಖಾಲಿ. ಕುರ್ಚಿಯ ಕೆಳಗೆ ಒಂದು ಕಪ್ ಟೀ, ಮುಟ್ಟದೆ, ತಣ್ಣಗೆ ಕೂತಿತ್ತು.

ಶುಕ್ರವಾರ ಅವನಿಗೆ ಮೀನು ಬೇಡವಾಗಿತ್ತು. ನೋರೀನ್ ಕೋಟು ತಂದು ಮೈಮೇಲೆ ಎಸೆದಳು. "ಹೋಗು. ಹೋಗದಿದ್ರೆ ಮುಂದಿನ ಶುಕ್ರವಾರ ಇನ್ನೂ ಕಷ್ಟ." ಅವನು ಟೀಪಾಟನ್ನು ಒಂದು ಕೈಚೀಲದಲ್ಲಿ ಹಾಕಿಕೊಂಡು ಹೊರಟ.

ಅಂಗಡಿಯಲ್ಲಿ ಸಾಲು ಬಾಗಿಲವರೆಗೂ ಇತ್ತು. ಸಾಲಿನ ನಡುವೆ ಬೆರಿಲ್ ಇದ್ದಳು, "ನಿನ್ನೆ ನಗಿಸಿ ಕೊಂದುಬಿಟ್ಟೆ ಮಾರಾಯ!" ಎಂದಳು. ಕ್ಲಿಫರ್ಡ್ ನೆಲ ನೋಡುತ್ತಾ ಮುಂದೆ ಸರಿದ. ಅವನ ಸರದಿ ಬಂದಾಗ ಡೋನಾ ಬಾಣಲೆಯಿಂದ ಕಣ್ಣೆತ್ತಲಿಲ್ಲ.

"ಎಂದಿನದೇನಾ?"

ಮೇಷ್ಟ್ರೇ ಎನ್ನಲಿಲ್ಲ. ಅವನು ಚೀಲವನ್ನು ಕೌಂಟರಿನ ಮೇಲಿಟ್ಟ. "ಡೋನಾ, ಇದು ನಿಮ್ಮ ಮನೆಗೆ ಸೇರಬೇಕಾದ್ದು. ಸತ್ಯ ಹೇಳಿದ್ದಕ್ಕೆ ಕೊಟ್ಟಿದ್ದು. ಸತ್ಯ ಹೇಳಿದವಳು ನಿಮ್ಮವಳು."

ಡೋನಾ ಚೀಲದ ಬಾಯಿ ಅಗಲಿಸಿ ನೋಡಿದಳು. "ಟೀಪಾಟು."

"ಬೆಳ್ಳಿದು."

"ನಾನೇನು ಮಾಡ್ಲಿ ಇದನ್ನ? ನಾನು ಟೀಬ್ಯಾಗ್ ಕಪ್ಪಿಗೇ ಹಾಕ್ತೀನಿ." ಚೀಲವನ್ನು ಅವನ ಕಡೆಗೆ ದೂಡಿದಳು. "ನಿನ್ನೆ ಒಂದು ವಿಷಯ ಕೇಳೋಕೆ ಬಂದಿದ್ದೆ. ನಿಮ್ಮ ಮುತ್ತಜ್ಜಿ ಹೇಳಿದ್ದು ಊರಿಗೆಲ್ಲ ಬಾಯಿಪಾಠ. ನಮ್ಮವಳು ಏನು ಹೇಳಿದಳು? ಅವಳ ಬಾಯಲ್ಲಿ ಏನು ಬಂತು? ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ. ಅಪ್ಪಂಗೂ ಗೊತ್ತಿರಲಿಲ್ಲ."

ಕ್ಲಿಫರ್ಡ್ ಬಾಯಿ ತೆರೆದ. ಅಪರಿಚಿತ... ಬಾಗಿಲು... ಹೊರಬಂದ... ಅಲ್ಲಿಗೆ ನಿಂತಿತು. ವಿಚಾರಣೆಯ ಸುದ್ದಿ ಬಂದ ಪತ್ರಿಕೆಯ ತುಣುಕು ಮನೆಯಲ್ಲಿತ್ತು, ಅದನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದ. ಪ್ರತಿ ಸಲವೂ ಕಣ್ಣು ಕೆಜಾಯಾಳ ಮಾತಿನ ಮೇಲಿಂದ ಹಾರಿ ನೇರವಾಗಿ ಮುತ್ತಜ್ಜಿಯ ಮಾತಿಗೆ ಇಳಿಯುತ್ತಿತ್ತು. ನೋಡಿದಂತೆ ಮಾಡಿದ್ದ, ನೋಡಿರಲಿಲ್ಲ.

"ನನಗೆ... ನೆನಪಿಲ್ಲ, ಡೋನಾ."

ಅವನ ಕಿವಿ, ಕುತ್ತಿಗೆ, ಬೋಳುತಲೆ ಎಲ್ಲ ಕೆಂಪಗಾದವು.

"ಆ ಪತ್ರಿಕೆ ಮನೇಲಿದೆ ತಾನೆ? ಹೋಗಿ ತನ್ನಿ," ಎಂದಳು ಡೋನಾ. "ಮೀನು ಕರಿಯೋಕೆ ಹೊತ್ತಿದೆ."

ಹೋದ. ಮೊಣಕಾಲು ನೋವಿನವರು ಅವನ ಉಪನ್ಯಾಸಕ್ಕೆ ಓಡುವ ಹಾಗೆ ಓಡಿದ. ತುಣುಕು ಹಿಡಿದು ಏದುಸಿರು ಬಿಡುತ್ತಾ ವಾಪಸು ಬಂದಾಗ ಸಾಲು ಇನ್ನೂ ಉದ್ದವಾಗಿತ್ತು. ಯಾರೋ ಮುಂದೆ ಹೋಗಿ ಎಂದರು. ಅವನು ಕೊನೆಯಲ್ಲೇ ನಿಂತ. ಬೆರಿಲ್ ಪೊಟ್ಟಣ ಕಟ್ಟಿಸಿಕೊಂಡಿದ್ದವಳು ಮನೆಗೆ ಹೋಗದೆ ಗೋಡೆಗೆ ಒರಗಿ ಕಾಯುತ್ತಿದ್ದಳು. ಏನೋ ಹೊಸ ಆಟ ಇದ್ದೀತು ಎಂಬ ಆಸೆ ಅವಳ ಮುಖದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

ಕೌಂಟರಿಗೆ ಬಂದು ಅವನು ಕನ್ನಡಕ ಏರಿಸಿದ. ಓದಿದ:

"ನನ್ನ ಮನೆಗೆ ಪರದೆಯಿಲ್ಲ ಸ್ವಾಮಿ. ಇಳಿಸೋಣವೆಂದರೆ ಏನಿತ್ತು ಇಳಿಸಲಿಕ್ಕೆ? ಅದಕ್ಕೆ ಬಾಗಿಲಿಗೆ ಬಂದು ನಿಂತೆ. ಪಾದ್ರಿಗಳು ನನ್ನ ಗಂಡನನ್ನು ಮಣ್ಣು ಮಾಡಿದವರು. ಕೈ ಒದ್ದೆಯಿತ್ತು, ಏಪ್ರನ್ನಿಗೆ ಒರೆಸಿಕೊಳ್ಳುತ್ತಾ ನಿಂತರೆ ಮರ್ಯಾದೆಯಲ್ಲವೆಂದು ಹಾಗೇ ಮುಂದೆ ಹಿಡಿದುಕೊಂಡೆ. ಆ ಮನುಷ್ಯ ಬರ್ಟ್‌ವೆಲ್ ಅವರ ಬಾಗಿಲಿನಿಂದ ಬಂದ. ಶವಕ್ಕೆ ಹ್ಯಾಟು ತೆಗೆಯಲಿಲ್ಲ. ಅದಕ್ಕೇ ಅವನನ್ನು ನೋಡಿದೆ. ಇಲ್ಲದಿದ್ದರೆ ನೋಡುತ್ತಿರಲಿಲ್ಲ. ಎರಡು ಕೈಯನ್ನೂ ಕೋಟಿನೊಳಗೆ ಇಟ್ಟುಕೊಂಡಿದ್ದ. ನಮ್ಮ ಬೀದಿಯವನಲ್ಲ. ಕಂಡಿದ್ದನ್ನು ಹೇಳಿದ್ದೇನೆ. ಇನ್ನೇನು ಹೇಳಲಿ?"

ಇಷ್ಟೇ ಇತ್ತು. ಕೈ ಯಾಕೆ ಕೋಟಿನೊಳಗಿತ್ತು ಎಂದು ಅವತ್ತು ಯಾರೂ ಅವಳನ್ನು ಕೇಳಿರಲಿಲ್ಲ. ಪತ್ರಿಕೆಯ ಮುಂದಿನ ಸಾಲಿನಿಂದಲೇ ತೋಳಿನ ಮಾತು ಶುರುವಾಗಿತ್ತು.

ಕ್ಲಿಫರ್ಡ್ ಕಾಗದ ಇಳಿಸಿದ. ತಾನು ಇಷ್ಟು ಕಾಲ ಸಭಾಂಗಣದಲ್ಲಿ ತೂಗುಬಿಟ್ಟು ತೋರಿಸುತ್ತಿದ್ದ ಆ ಎರಡು ಕೈ ಈಗ ಕೌಂಟರಿನ ಮೇಲಿದ್ದವು. ಅವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಡೋನಾ ತನ್ನ ಎಣ್ಣೆಗೈಯನ್ನು ಏಪ್ರನ್ನಿಗೆ ಒರೆಸಲು ಹೋದವಳು ನಿಲ್ಲಿಸಿದಳು. "ಇನ್ನೊಂದು ಸಲ ಓದಿ," ಎಂದಳು. "ಜೋರಾಗಿ. ಬಾಗಿಲ ಹತ್ತಿರ ಇರೋರಿಗೆ ಕೇಳಿಸಿಲ್ಲ."

ಅವನು ಸಾಲಿನ ಕಡೆಗೆ ತಿರುಗಿ ಮೊದಲಿಂದ ಓದಿದ. ಯಾರೂ ನಗಲಿಲ್ಲ. ಬೆರಿಲ್ ತನ್ನ ಪೊಟ್ಟಣವನ್ನು ನೋಡುತ್ತಿದ್ದಳು. ಓದು ಮುಗಿದ ಮೇಲೆ ಡೋನಾ ಅವನ ಮೀನನ್ನು ಕಾಗದದಲ್ಲಿಟ್ಟು, ಉಪ್ಪು ಉದುರಿಸಿ, ವಿನಿಗರ್ ಚಿಮುಕಿಸಿ, ಗಟ್ಟಿಯಾಗಿ ಮಡಚಿ ಕೊಟ್ಟಳು. ಗರಿಗರಿ ಚೂರು ಹಾಕಲಿಲ್ಲ. ಅವನೂ ಕೇಳಲಿಲ್ಲ.